ಮುಗಿಯಲೂ ಬೇಕು, ಮುಗಿಯಲೂ ಬಾರದು

ದೊಡ್ಡ ಕಥೆಗಳನ್ನು ಓದುವವರ ಸಂಕಟ ಒಂದು ವಿಚಿತ್ರ ಬಗೆಯದು. ಕಥೆಯ ನಡುವೆ ಇರುವಾಗ ಮುಂದೇನಾಯಿತು ಎಂಬ ಕುತೂಹಲ ಹಿಡಿದು ಎಳೆಯುತ್ತದೆ. ಊಟ ತಣ್ಣಗಾದರೂ ಅದರ ಮೇಲೆ ಲಕ್ಷ್ಯವಿರುವುದಿಲ್ಲ. ಆದರೆ ಉಳಿದ ಪುಟಗಳು ಬೆರಳಿಗೆ ತೆಳ್ಳಗೆ ಸಿಕ್ಕತೊಡಗಿದಾಗ ಅದೇ ಓದುಗ ನಿಧಾನಿಸುತ್ತಾನೆ. ದಿನಕ್ಕೆ ನೂರು ಪುಟ ಓದುತ್ತಿದ್ದವನು ಹತ್ತಕ್ಕೆ ಇಳಿಯುತ್ತಾನೆ. ಕೊನೆ ತಿಳಿಯಬೇಕು ಎಂಬ ಆಸೆ ಒಂದು ಕಡೆ, ತಿಳಿದ ಮೇಲೆ ಇನ್ನೇನೂ ಉಳಿಯುವುದಿಲ್ಲವಲ್ಲ ಎಂಬ ಅಳುಕು ಇನ್ನೊಂದು ಕಡೆ. ಮಗಳ ಮದುವೆ ಗೊತ್ತಾದ ಮನೆಯ ಸ್ಥಿತಿ ಅದು. ಆಗಲೇಬೇಕಾದ ಕೆಲಸ, ಆದರೆ ಆದ ಮೇಲೆ ಮನೆ ಖಾಲಿ.

ಒಂದೇ ಸಂಪುಟದ ಕಾದಂಬರಿಯಲ್ಲೂ ಈ ಅನುಭವ ಆಗುವುದುಂಟು. ಆದರೆ ಅದರ ಪೂರ್ಣ ರೂಪ ಕಾಣಸಿಗುವುದು ಅದ್ಭುತ ಲೋಕಗಳ ಕಥಾಮಾಲೆಗಳಲ್ಲಿ. ಫ್ಯಾಂಟಸಿ ಎಂದು ಕರೆಯಲಾಗುವ ಈ ಪ್ರಕಾರದಲ್ಲಿ ಲೇಖಕ ಒಂದು ಇಡೀ ಜಗತ್ತನ್ನೇ ಕಟ್ಟಿಕೊಡುತ್ತಾನೆ. ಅದಕ್ಕೆ ಬೇರೆ ನಕ್ಷೆ, ಬೇರೆ ರಾಜ್ಯಗಳು, ಬೇರೆ ಪುರಾಣ, ಬೇರೆ ಕಾಲಗಣನೆ. ಸಂಪುಟದ ಮೇಲೆ ಸಂಪುಟ ಬರುತ್ತದೆ. ಹತ್ತು, ಇಪ್ಪತ್ತು ವರ್ಷ ಕಳೆಯುತ್ತವೆ. ಹೈಸ್ಕೂಲಿನಲ್ಲಿದ್ದಾಗ ಮೊದಲ ಸಂಪುಟ ಹಿಡಿದ ಹುಡುಗ ಕೊನೆಯ ಸಂಪುಟ ಕೊಳ್ಳುವ ಹೊತ್ತಿಗೆ ಮಕ್ಕಳ ತಂದೆಯಾಗಿರುತ್ತಾನೆ. ಅಂಥ ಕಥೆ ಮುಗಿಯುವುದೆಂದರೆ ಆಯುಷ್ಯದ ಒಂದು ಭಾಗವೂ ಅದರೊಂದಿಗೇ ಮುಗಿದಂತೆ.

ಇಂಥ ಮುಕ್ತಾಯಗಳಲ್ಲಿ ಅತ್ಯಂತ ಕುತೂಹಲಕರವಾದದ್ದು ಅಮೆರಿಕದ ರಾಬರ್ಟ್ ಜೋರ್ಡನ್ ಅವರ 'ದಿ ವ್ಹೀಲ್ ಆಫ್ ಟೈಮ್' ಮಾಲೆಯದು. ಹೆಸರನ್ನು ಕನ್ನಡಕ್ಕೆ ತಂದರೆ 'ಕಾಲಚಕ್ರ'. 1990ರ ಜನವರಿಯಲ್ಲಿ ಮೊದಲ ಸಂಪುಟ ಬಂತು. ಹದಿನಾಲ್ಕನೆಯದೂ ಕೊನೆಯದೂ ಆದ ಸಂಪುಟ ಬಂದದ್ದು 2013ರ ಜನವರಿಯಲ್ಲಿ. ನಡುವಿನ ಅಂತರ ಇಪ್ಪತ್ತಮೂರು ವರ್ಷ. ಅಷ್ಟರಲ್ಲಿ ಕಥೆ ನಲವತ್ತು ಲಕ್ಷ ಪದಗಳನ್ನು ದಾಟಿತ್ತು, ಹೆಸರಿರುವ ಪಾತ್ರಗಳೇ ಎರಡು ಸಾವಿರಕ್ಕೂ ಹೆಚ್ಚಾಗಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಕಥೆ ಆರಂಭಿಸಿದ ಲೇಖಕ ಅದರ ಕೊನೆಯನ್ನು ಅಚ್ಚಿನಲ್ಲಿ ನೋಡಲು ಬದುಕಿರಲಿಲ್ಲ.

ರಾಬರ್ಟ್ ಜೋರ್ಡನ್ ಎನ್ನುವುದು ಕಾವ್ಯನಾಮ. ನಿಜ ಹೆಸರು ಜೇಮ್ಸ್ ಆಲಿವರ್ ರಿಗ್ನಿ. 1948ರ ಅಕ್ಟೋಬರ್ 17ರಂದು ಸೌತ್ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದಲ್ಲಿ ಜನನ. ವಿಯೆಟ್ನಾಂ ಯುದ್ಧದಲ್ಲಿ ಎರಡು ಅವಧಿ ಹೆಲಿಕಾಪ್ಟರಿನಲ್ಲಿ ಬಂದೂಕುಗಾರನಾಗಿ ದುಡಿದವರು. ಮರಳಿದ ಮೇಲೆ ಚಾರ್ಲ್ಸ್‌ಟನ್‌ನ ಸೈನಿಕ ಕಾಲೇಜಾದ 'ಸಿಟಡೆಲ್'ನಲ್ಲಿ ಭೌತಶಾಸ್ತ್ರ ಓದಿ ನೌಕಾಪಡೆಗಾಗಿ ಪರಮಾಣು ಎಂಜಿನಿಯರ್ ಆದರು. 1977ರಲ್ಲಿ ಬರವಣಿಗೆಗೆ ಇಳಿದರು. 1981ರಲ್ಲಿ ಅವರು ಕೈಹಿಡಿದ ಹ್ಯಾರಿಯೆಟ್ ಮೆಕ್‌ಡೂಗಲ್ ಹೆಸರಾಂತ ಸಂಪಾದಕಿ. ಗಂಡ ಬರೆದದ್ದನ್ನು ತಿದ್ದುವ ಅಧಿಕಾರ ಮನೆಯಲ್ಲೇ ಇದ್ದ ಅಪರೂಪದ ದಾಂಪತ್ಯ ಅದು. ಯುದ್ಧವನ್ನು ಕಣ್ಣಾರೆ ಕಂಡವರಾದ್ದರಿಂದಲೇ ಇರಬೇಕು, ಜೋರ್ಡನ್ ಕಥೆಯ ವೀರರಿಗೆ ಗೆಲುವಿನ ಹಿಗ್ಗಿಗಿಂತ ಕೊಂದ ನೆನಪಿನ ಭಾರವೇ ಹೆಚ್ಚು.

ಕಥೆಯ ಹಂದರ ಸರಳವಾದದ್ದು. ದೂರದ ಒಂದು ಹಳ್ಳಿ, ಅಲ್ಲಿ ಕುರಿ ಕಾಯುವ ರ್‍ಯಾಂಡ್ ಎಂಬ ತರುಣ. ಜೊತೆಗೆ ಕಮ್ಮಾರನ ಶಿಷ್ಯ ಪೆರಿನ್, ತುಂಟ ಮ್ಯಾಟ್, ಹೋಟೆಲಿನವನ ಮಗಳು ಎಗ್ವೀನ್, ಊರಿನ ಔಷಧಿ ನೋಡಿಕೊಳ್ಳುವ ನೈನೀವ್. ಒಂದು ರಾತ್ರಿ ಹಳ್ಳಿಯ ಮೇಲೆ ದಾಳಿಯಾಗುತ್ತದೆ. ಮಂತ್ರಶಕ್ತಿಯುಳ್ಳ ಮೊರೇನ್ ಎಂಬಾಕೆ ಇವರನ್ನು ಊರು ಬಿಡಿಸಿ ಕರೆದೊಯ್ಯುತ್ತಾಳೆ. ಸಾವಿರಾರು ವರ್ಷಗಳ ಹಿಂದೆ ತಮಸ್ಸಿನ ಒಡೆಯನನ್ನು ಸೆರೆಯಲ್ಲಿಟ್ಟು, ಆಮೇಲೆ ಹುಚ್ಚು ಹಿಡಿದು ಜಗತ್ತನ್ನೇ ಒಡೆದ ವೀರನೊಬ್ಬನಿದ್ದ. ಅವನೇ ರ್‍ಯಾಂಡ್ ಆಗಿ ಮತ್ತೆ ಹುಟ್ಟಿದ್ದಾನೆ. ಕೊನೆಯ ಮಹಾಯುದ್ಧದಲ್ಲಿ ಹೋರಾಡಬೇಕಾದವನು ಅವನೇ. ಹಾಗೆ ಹೋರಾಡುವಾಗ ಅವನೂ ಹುಚ್ಚನಾಗಬಹುದು, ಸಾಯಬಹುದು.

ಪುನರ್ಜನ್ಮ, ಕರ್ಮದ ಎಳೆ, ತಿರುಗುವ ಯುಗಗಳು ಎಂದರೆ ಭಾರತೀಯ ಓದುಗರಿಗೆ ವಿವರಣೆ ಬೇಕಿಲ್ಲ. ಜೋರ್ಡನ್ ಈ ಕಲ್ಪನೆಯನ್ನು ಪಡೆದದ್ದು ಹಿಂದೂ ಮತ್ತು ಬೌದ್ಧ ಚಿಂತನೆಯ ಕಾಲಚಕ್ರದಿಂದಲೇ. ಅವರ ಚಕ್ರಕ್ಕೆ ಏಳು ಅರೆಗಳು, ಅಂದರೆ ಏಳು ಯುಗಗಳು. ಒಂದು ಯುಗದ ಘಟನೆ ಮುಂದಿನ ಯುಗಕ್ಕೆ ದಂತಕಥೆಯಾಗುತ್ತದೆ, ಆಮೇಲೆ ಪುರಾಣವಾಗುತ್ತದೆ, ಕೊನೆಗೆ ಮರೆತೂಹೋಗುತ್ತದೆ. ಅಷ್ಟರಲ್ಲಿ ಅದೇ ಯುಗ ಮತ್ತೆ ಬಂದಿರುತ್ತದೆ. ಪ್ರತಿ ಸಂಪುಟದ ಮೊದಲ ಅಧ್ಯಾಯವೂ ಗಾಳಿಯೊಂದು ಬೀಸತೊಡಗಿದ ವರ್ಣನೆಯಿಂದಲೇ ಶುರು. ಆ ಗಾಳಿ ಆದಿಯಲ್ಲ, ಆದರೂ ಒಂದು ಆದಿ ಎಂಬ ಧಾಟಿ. ಹೀಗೆ ಕಾಲಕ್ಕೆ ಮೊದಲು ಕೊನೆಗಳಿಲ್ಲ ಎಂದು ಸಾರುವ ಕಥೆಗೆ ಕೊನೆಯೊಂದನ್ನು ಬರೆಯುವುದು ಹೇಗೆ? ಜೋರ್ಡನ್ ಮುಂದಿದ್ದ ಪ್ರಶ್ನೆ ಅದೇ.

ಆರಂಭದಲ್ಲಿ ಅವರ ಯೋಜನೆ ಕೆಲವೇ ಸಂಪುಟಗಳದಾಗಿತ್ತು. ಕಥೆ ಬೆಳೆಯಿತು. 1990ರಿಂದ 1994ರ ನಡುವೆ ಆರು ಸಂಪುಟಗಳು ಹೊರಬಂದವು. 1998ರಲ್ಲಿ ಎಂಟನೇ ಸಂಪುಟ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಜನಪ್ರಿಯತೆ ಏರಿದಂತೆ ಕಥೆಯ ನಡಿಗೆ ನಿಧಾನವಾಯಿತು. ಪಾತ್ರಗಳು ಖಂಡದ ಮೂಲೆಮೂಲೆಗೆ ಚದುರಿದವು. ಒಬ್ಬೊಬ್ಬರ ಹಿಂದೆಯೂ ನೂರಾರು ಪುಟ ಹೋಗಬೇಕಾಯಿತು. 2003ರಲ್ಲಿ ಬಂದ ಹತ್ತನೇ ಸಂಪುಟ ಓದಿದವರು ಕಥೆ ನಿಂತಲ್ಲೇ ನಿಂತಿದೆ ಎಂದು ಗೊಣಗಿದರು. ಗೊಣಗಿದವರು ಯಾರೂ ಓದುವುದನ್ನು ಮಾತ್ರ ಬಿಡಲಿಲ್ಲ ಎನ್ನುವಷ್ಟು ಗಟ್ಟಿಯಾದ ನಂಟು ಅದು. 2005ರ ಹನ್ನೊಂದನೇ ಸಂಪುಟದಲ್ಲಿ ವೇಗ ಮರಳಿತು. ಇನ್ನೊಂದೇ ಸಂಪುಟ, ಅಷ್ಟಕ್ಕೆ ಎಲ್ಲ ಮುಗಿಯುತ್ತದೆ ಎಂದು ಜೋರ್ಡನ್ ಭರವಸೆ ಕೊಟ್ಟರು. ಪುಸ್ತಕ ಎಷ್ಟು ದಪ್ಪವಾದರೂ ಸರಿ, ಅದಕ್ಕಾಗಿ ಹೊಸ ಬೈಂಡಿಂಗ್ ವಿಧಾನವನ್ನೇ ಕಂಡುಹಿಡಿಯಬೇಕಾದರೂ ಸರಿ ಎಂದು ತಮಾಷೆಯನ್ನೂ ಮಾಡಿದ್ದರು.

2006ರ ಮಾರ್ಚ್‌ನಲ್ಲಿ ಅವರಿಂದಲೇ ಸುದ್ದಿ ಬಂತು. ಅವರ ಹೃದಯಕ್ಕೆ ಅಮೈಲಾಯ್ಡೋಸಿಸ್ ಎಂಬ ವಿರಳ ಕಾಯಿಲೆ ತಗಲಿತ್ತು. ಒಂದು ಬಗೆಯ ಪ್ರೋಟೀನು ಹೃದಯದ ಸ್ನಾಯುಗಳಲ್ಲಿ ಸಂಗ್ರಹವಾಗುತ್ತ ಹೋಗಿ ಅದನ್ನು ಬಿರುಸಾಗಿಸುವ ರೋಗ ಇದು. ಚಿಕಿತ್ಸೆ ಪಡೆದರೂ ಉಳಿದಿರುವುದು ಕೆಲವೇ ವರ್ಷ ಎನ್ನುವುದು ವೈದ್ಯರ ಲೆಕ್ಕ. ಜೋರ್ಡನ್ ಅದನ್ನು ಒಪ್ಪಲಿಲ್ಲ. ಇನ್ನೂ ಬರೆಯುವುದು ಬಹಳ ಇದೆ ಎಂದರು. ಚಿಕಿತ್ಸೆಯ ನಡುವೆಯೂ ಕೆಲಸ ನಡೆಯಿತು. ಕೈಯಲ್ಲಿ ಬರೆಯುವ ಶಕ್ತಿ ಕುಂದಿದಾಗ ಮನೆಯವರನ್ನು ಕೂರಿಸಿಕೊಂಡು ಕಥೆಯನ್ನು ಬಾಯಲ್ಲೇ ಹೇಳಿದರು. ಯಾರು ಉಳಿಯುತ್ತಾರೆ, ಯಾರು ಸಾಯುತ್ತಾರೆ, ಯಾವ ಗಂಟು ಹೇಗೆ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಧ್ವನಿಮುದ್ರಿಸಿ ಬರೆದಿಡಲಾಯಿತು. ಕೊನೆಯ ದೃಶ್ಯವನ್ನು ಮಾತ್ರ ಅವರೇ ಬರೆದಿಟ್ಟರು. 2007ರ ಸೆಪ್ಟೆಂಬರ್ 16ರಂದು ಅವರು ತೀರಿಕೊಂಡಾಗ ವಯಸ್ಸು ಐವತ್ತೆಂಟು.

ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ, ಜುಲೈ 21ರಂದು, ಹ್ಯಾರಿ ಪಾಟರ್ ಮಾಲೆಯ ಏಳನೆಯ ಹಾಗೂ ಕೊನೆಯ ಸಂಪುಟ ಬಿಡುಗಡೆಯಾಗಿತ್ತು. ಮಕ್ಕಳು ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತು ಪುಸ್ತಕ ಕೊಂಡರು, ಓದಿ ಮುಗಿಸಿ ಅತ್ತರು. ಅದು ಲೇಖಕಿಯೇ ಯೋಜಿಸಿದ, ಲೇಖಕಿಯೇ ಬರೆದು ಮುಗಿಸಿದ ಕೊನೆ. ಜೋರ್ಡನ್ ಓದುಗರಿಗೆ ಆ ಭಾಗ್ಯವಿರಲಿಲ್ಲ. ಅವರ ಮುಂದಿದ್ದ ಪ್ರಶ್ನೆ ಬೇರೆ: ಕಥೆ ಹೇಳುವವನೇ ಹೋದ ಮೇಲೆ ಕಥೆ ಯಾರದು?

ಉತ್ತರ ಹುಡುಕಬೇಕಾದವರು ಹ್ಯಾರಿಯೆಟ್. ಗಂಡನನ್ನು ಕಳೆದುಕೊಂಡ ಆ ದಿನಗಳಲ್ಲಿ ಯಾರೋ ಒಬ್ಬರು ಶ್ರದ್ಧಾಂಜಲಿಯ ಬರಹವೊಂದನ್ನು ಅವರ ಕೈಗಿತ್ತರು. ಬರೆದವರು ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ತರುಣ ಲೇಖಕ. ಹರೆಯದಲ್ಲಿ ಜೋರ್ಡನ್‌ರ ಮೊದಲ ಸಂಪುಟ ಓದಿ ತಾನೂ ಬರೆಯಬೇಕು ಎಂದುಕೊಂಡವರು. ಅವರ ಮೊದಲ ಕಾದಂಬರಿ ಬಂದು ಆಗ ಎರಡೇ ವರ್ಷವಾಗಿತ್ತು. ಹ್ಯಾರಿಯೆಟ್ ಅವರಿಗೆ ಫೋನ್ ಮಾಡಿದರು, ಅವರ ಕಾದಂಬರಿಯೊಂದನ್ನು ತರಿಸಿ ಓದಿದರು. 2007ರ ಡಿಸೆಂಬರ್‌ನಲ್ಲಿ ಘೋಷಣೆಯೂ ಆಯಿತು. ಚಾರ್ಲ್ಸ್‌ಟನ್‌ನ ಆ ಮನೆಗೆ ಬಂದ ಸ್ಯಾಂಡರ್ಸನ್ ಮೊದಲು ಕೇಳಿದ್ದು ಜೋರ್ಡನ್ ಬರೆದಿಟ್ಟ ಕೊನೆಯ ಪುಟಗಳನ್ನು. ಲಕ್ಷಾಂತರ ಜನ ಇನ್ನೂ ಐದು ವರ್ಷ ಕಾಯಬೇಕಿದ್ದ ಕೊನೆಯನ್ನು ಅವರು ಅಂದು ರಾತ್ರಿಯೇ ಓದಿದರು. ಆಮೇಲೆ ಐದು ವರ್ಷ ಅವರ ಕೆಲಸವೆಂದರೆ ಆ ಪುಟಗಳ ತನಕ ದಾರಿ ಹಾಕುವುದು.

ದಾರಿ ನೆನೆಸಿದ್ದಕ್ಕಿಂತ ಉದ್ದವಾಯಿತು. ಒಂದು ಸಂಪುಟವೆಂದುಕೊಂಡಿದ್ದು ಮೂರಾಯಿತು; 2009, 2010 ಮತ್ತು 2013ರಲ್ಲಿ ಅವು ಪ್ರಕಟವಾದವು. ಸ್ಯಾಂಡರ್ಸನ್ ಜೋರ್ಡನ್‌ರ ಶೈಲಿಯನ್ನು ಅಣಕಿಸಲು ಹೋಗಲಿಲ್ಲ. ಪಾತ್ರಗಳ ಸ್ವಭಾವ ಕೆಡದಂತೆ ನೋಡಿಕೊಂಡು ತಮ್ಮದೇ ರೀತಿಯಲ್ಲಿ ಬರೆದರು. ಜೋರ್ಡನ್ ಜೊತೆ ವರ್ಷಗಟ್ಟಲೆ ದುಡಿದ ಸಹಾಯಕರಿಬ್ಬರು ಟಿಪ್ಪಣಿಗಳ ರಾಶಿಯನ್ನು ಜಾಲಾಡಿ ವಿವರಗಳನ್ನು ಒದಗಿಸಿದರು. ತಿದ್ದುವ ಪೆನ್ಸಿಲು ಹ್ಯಾರಿಯೆಟ್ ಕೈಯಲ್ಲೇ ಇತ್ತು. ಮ್ಯಾಟ್‌ನ ಮಾತಿನ ಚಟಾಕಿ ಮೊದಲಿನಂತಿಲ್ಲ ಎಂಬ ದೂರು ಬಂತು. ಅದರಲ್ಲಿ ಹುರುಳೂ ಇತ್ತು. ಆದರೂ ಹೆಚ್ಚಿನ ಓದುಗರಲ್ಲಿದ್ದದ್ದು ಕೃತಜ್ಞತೆಯೇ. ಬೇರೆಯವರ ದನಿಯಲ್ಲಾದರೂ ಕಥೆ ಮನೆ ಸೇರಿತಲ್ಲ ಎಂಬ ಸಮಾಧಾನ ಅದು.

ಕೊನೆಯ ಸಂಪುಟದಲ್ಲಿ ಮಹಾಯುದ್ಧದ ಅಧ್ಯಾಯವೊಂದೇ ಸುಮಾರು 80 ಸಾವಿರ ಪದಗಳದು. ಸ್ವತಂತ್ರ ಕಾದಂಬರಿಯಷ್ಟು ಉದ್ದ. ಮೊದಲ ಸಂಪುಟದಿಂದ ಜೊತೆಗಿದ್ದವರು ಅದರಲ್ಲಿ ಸಾಯುತ್ತಾರೆ. ಹೋಟೆಲಿನವನ ಮಗಳಾಗಿ ಬಂದು ಜಗತ್ತಿನ ಅತಿ ದೊಡ್ಡ ಪೀಠವೇರಿದ ಎಗ್ವೀನ್ ಅವರಲ್ಲಿ ಒಬ್ಬಳು. ತಮಸ್ಸಿನ ಒಡೆಯ ಮತ್ತೆ ಸೆರೆಯಾಗುತ್ತಾನೆ. ರ್‍ಯಾಂಡ್ ಸತ್ತನೆಂದೇ ಜನ ತಿಳಿಯುತ್ತಾರೆ, ಚಿತೆ ಉರಿಯುತ್ತದೆ. ಆದರೆ ಅವನ ಜೀವ ಇನ್ನೊಂದು ದೇಹದಲ್ಲಿ ಉಳಿದಿರುತ್ತದೆ. ಮಂತ್ರಶಕ್ತಿ ಇಲ್ಲ, ಪಟ್ಟವಿಲ್ಲ, ಯಾರೂ ಗುರುತು ಹಿಡಿಯುವುದಿಲ್ಲ. ಹತ್ತಿರದ ಕೆಲವೇ ಹೆಂಗಸರಿಗೆ ಮಾತ್ರ ಗುಟ್ಟು ಗೊತ್ತು. ಅವನು ಕುದುರೆಯೊಂದನ್ನು ಹಿಡಿದು ತನ್ನ ಪಾಡಿಗೆ ತಾನು ಹೊರಟುಬಿಡುತ್ತಾನೆ. ಗೆಳೆಯರಿಗೆ ವಿದಾಯವನ್ನೂ ಹೇಳುವುದಿಲ್ಲ. ಪೆರಿನ್‌ಗೆ ಗೊತ್ತಾಗುವುದಿಲ್ಲ, ಮ್ಯಾಟ್‌ಗೆ ಗೊತ್ತಾಗುವುದಿಲ್ಲ, ಸಾಕಿದ ತಂದೆಗೂ ಗೊತ್ತಾಗುವುದಿಲ್ಲ. ಓದುಗನಿಗೆ ಮಾತ್ರ ಗೊತ್ತು. ಜೋರ್ಡನ್ ತಾವೇ ಬರೆದಿಟ್ಟ ದೃಶ್ಯ ಇದು. ಸಾವಿಗೆ ಸಿದ್ಧರಾಗುತ್ತಿದ್ದ ಮನುಷ್ಯ ತನ್ನ ಕಥಾನಾಯಕನನ್ನು ಚಿತೆಯಿಂದ ಎಬ್ಬಿಸಿ ಹಗುರಾಗಿ ದಾರಿಗೆ ಹಚ್ಚಿದ ಎಂದು ನೆನೆದರೆ ಆ ಪುಟಗಳಿಗೆ ಬೇರೆಯೇ ಅರ್ಥ ಬರುತ್ತದೆ.

ಸಿಹಿಯೂ ಕಹಿಯೂ ಕೂಡಿದ ಇಂಥ ಮುಕ್ತಾಯ ಈ ಪ್ರಕಾರದ ಹುಟ್ಟುಗುಣವೇ ಇರಬಹುದು. ಇಂಗ್ಲೆಂಡಿನ ಜೆ.ಆರ್.ಆರ್. ಟೋಲ್ಕಿನ್ 1939ರಲ್ಲಿ ಅದ್ಭುತ ಕಥೆಗಳ ಕುರಿತು ಉಪನ್ಯಾಸವೊಂದನ್ನು ಕೊಟ್ಟರು. ಎಲ್ಲವೂ ಮುಳುಗಿತು ಎನ್ನುವಾಗ ಕಥೆ ಥಟ್ಟನೆ ಶುಭದ ಕಡೆ ತಿರುಗುವುದೇ ಇಂಥ ಕಥೆಗಳ ಪರಮ ಗುಣವೆಂಬ ವಿಚಾರವನ್ನು ಅವರು ಮುಂದೆ ಅಚ್ಚಾದ ಆ ಪ್ರಬಂಧದಲ್ಲಿ ಮಂಡಿಸಿದರು. ಅದಕ್ಕೊಂದು ಹೊಸ ಪದವನ್ನೂ ಟಂಕಿಸಿದರು. ಆ ಕ್ಷಣದ ಆನಂದ ದುಃಖದಷ್ಟೇ ಹರಿತವಾದದ್ದು ಎನ್ನುವುದು ಅವರ ಅಭಿಪ್ರಾಯ. 1955ರಲ್ಲಿ ಮುಗಿದ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಥೆಯಲ್ಲಿ ಉಂಗುರ ನಾಶವಾಗುತ್ತದೆ, ರಾಜ್ಯ ಉಳಿಯುತ್ತದೆ. ಆದರೆ ಉಂಗುರ ಹೊತ್ತ ಫ್ರೋಡೋನ ಗಾಯ ಮಾತ್ರ ಮಾಯುವುದಿಲ್ಲ. ತಾನು ಉಳಿಸಿದ ಊರಿನಲ್ಲಿ ತಾನೇ ಇರಲಾರದೆ ಅವನು ಹಡಗು ಹತ್ತಿ ಹೋಗುತ್ತಾನೆ. ಅದೇ ಹಡಗಿನಲ್ಲಿ ಆ ಲೋಕದ ದೊಡ್ಡ ಮಾಂತ್ರಿಕರೂ ಹೊರಟುಹೋಗುತ್ತಾರೆ. ಕೆಡುಕು ಅಳಿಯಿತು ಎಂದರೆ ಅದ್ಭುತವೂ ಅಳಿಯಿತು ಎಂದೇ ಲೆಕ್ಕ. ಗೆದ್ದ ಲೋಕ ಇನ್ನು ಮೇಲೆ ನಮ್ಮ ಲೋಕದಂತೆಯೇ ಸಾದಾ ಲೋಕ.

ಓದುಗನ ದುಃಖಕ್ಕೆ ಇದಲ್ಲದೆ ಇನ್ನೂ ಕೆಲವು ಕಾರಣಗಳಿವೆ. ಮೊದಲನೆಯದು ಒಡನಾಟ. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಅಮೆರಿಕದ ಸಮಾಜ ವಿಜ್ಞಾನಿಗಳು ರೇಡಿಯೋ, ಟೆಲಿವಿಷನ್ ನೋಡುಗರ ಬಗ್ಗೆ ಒಂದು ಮಾತು ಗುರುತಿಸಿದರು. ಪರದೆಯ ಮೇಲಿನ ವ್ಯಕ್ತಿಗೆ ತಮ್ಮ ಪರಿಚಯವೇ ಇಲ್ಲದಿದ್ದರೂ ನೋಡುಗರು ಅವರೊಡನೆ ಸ್ನೇಹದಂಥ ಸಂಬಂಧ ಬೆಳೆಸಿಕೊಳ್ಳುತ್ತಾರೆ ಎಂಬುದು ಅದು. ಪುಸ್ತಕದ ಪಾತ್ರಗಳಿಗೂ ಇದು ಸಲ್ಲುತ್ತದೆ. ಇಪ್ಪತ್ತು ವರ್ಷ ಆಗಾಗ ಭೇಟಿಯಾಗುತ್ತಿದ್ದ ಗೆಳೆಯ ಇನ್ನು ಸಿಗುವುದಿಲ್ಲ ಎಂದರೆ, ಆ ಗೆಳೆಯ ಕಾಗದದ ಮೇಲಿನವನೆಂಬ ಕಾರಣಕ್ಕೆ ನೋವು ಸುಳ್ಳಾಗುವುದಿಲ್ಲ.

ಎರಡನೆಯದು ಕಾಯುವಿಕೆಯ ಸುಖ. ಒಂದು ಸಂಪುಟಕ್ಕೂ ಇನ್ನೊಂದಕ್ಕೂ ನಡುವೆ ಎರಡು ಮೂರು ವರ್ಷ. ಆ ಅವಧಿಯಲ್ಲಿ ಓದುಗ ಸುಮ್ಮನಿರುವುದಿಲ್ಲ. ಹಳೆಯದನ್ನು ಮತ್ತೆ ಓದುತ್ತಾನೆ, ಸುಳಿವು ಹೆಕ್ಕುತ್ತಾನೆ, ಗೆಳೆಯರೊಡನೆ ವಾದ ಹೂಡುತ್ತಾನೆ. ಕಥೆಯ ಒಂದು ಪಾಲನ್ನು ಅವನೇ ತನ್ನ ತಲೆಯಲ್ಲಿ ಬರೆಯುತ್ತಿರುತ್ತಾನೆ. ಕೊನೆಯ ಸಂಪುಟ ಬಂತೆಂದರೆ ಆ ಎಲ್ಲ ಸಾಧ್ಯತೆಗಳೂ ಮುಚ್ಚಿ ಒಂದೇ ಒಂದು ಉಳಿಯುತ್ತದೆ. ಅದು ಎಷ್ಟೇ ಚೆನ್ನಾಗಿದ್ದರೂ ಕಳೆದುಕೊಂಡವುಗಳ ಲೆಕ್ಕ ದೊಡ್ಡದು. ಮೂರನೆಯದು ಇನ್ನೂ ಸರಳ: ಓದುಗ ಹಳೆಯ ಪುಟ ತಿರುಗಿಸಿದಾಗ ಅಲ್ಲಿ ಸಿಗುವುದು ರ್‍ಯಾಂಡ್ ಅಥವಾ ಫ್ರೋಡೋ ಮಾತ್ರವಲ್ಲ, ಅದನ್ನು ಮೊದಲು ಓದಿದ ತಾನೂ ಸಿಗುತ್ತಾನೆ. ಆ ಹುಡುಗ ಎಂದೋ ಹೋಗಿಬಿಟ್ಟಿದ್ದಾನೆ ಎಂಬುದು ಮಾಲೆ ಮುಗಿದಾಗಲೇ ಖಚಿತವಾಗುವುದು.

ಕಥೆ ಮುಗಿಸುವ ಈ ಕಷ್ಟ ಭಾರತಕ್ಕೆ ಹೊಸದಲ್ಲ. ಪುರಾಣ ಓದಿಸುವ ಮನೆಗಳಲ್ಲಿ ರಾಮಾಯಣವನ್ನು ಪಟ್ಟಾಭಿಷೇಕಕ್ಕೆ ನಿಲ್ಲಿಸಿ, ಮಂಗಳ ಹಾಡಿ, ಪಾನಕ ಕೋಸಂಬರಿ ಹಂಚುವ ಪದ್ಧತಿಯುಂಟು. ಸೀತೆ ಮತ್ತೆ ಕಾಡು ಸೇರುವ ಉತ್ತರಕಾಂಡಕ್ಕೆ ಹೋಗದೆ ಕೇಳುಗರನ್ನು ಸಂತೋಷದಿಂದ ಮನೆಗೆ ಕಳಿಸುವ ಉಪಾಯ ಅದು. ಕುಮಾರವ್ಯಾಸನ ಭಾರತವೂ ಹತ್ತು ಪರ್ವಗಳಿಗೆ, ಧರ್ಮರಾಯನ ಪಟ್ಟಾಭಿಷೇಕದೊಂದಿಗೆ ನಿಲ್ಲುತ್ತದೆ. ಯಾದವರು ಬಡಿದಾಡಿ ಸಾಯುವುದು, ಕೃಷ್ಣನ ನಿರ್ಯಾಣ, ಪಾಂಡವರು ಒಬ್ಬೊಬ್ಬರಾಗಿ ಹಿಮದ ದಾರಿಯಲ್ಲಿ ಕುಸಿಯುವುದು ಇವೆಲ್ಲ ಉಳಿದ ಎಂಟು ಪರ್ವಗಳ ಸಂಗತಿ. ಅವನ್ನು ಕನ್ನಡದಲ್ಲಿ ಪೂರೈಸಿದವನು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿ. ಇಂದಿಗೂ ಗಮಕಿಗಳ ಬಾಯಲ್ಲಿರುವುದು ಗದುಗಿನ ನಾರಣಪ್ಪನ ಹತ್ತು ಪರ್ವಗಳೇ. ತಿಮ್ಮಣ್ಣನ ಪಾಲಿಗೆ ಬಂದದ್ದು ಕಥೆಯ ಕಹಿ ಭಾಗ, ಜೊತೆಗೆ ದೊಡ್ಡ ಕವಿಯೊಬ್ಬನ ಹಿಂದೆ ನಡೆಯಬೇಕಾದ ಕಷ್ಟ.

ಏಳನೇ ಶತಮಾನದಲ್ಲಿ ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣಭಟ್ಟನ 'ಕಾದಂಬರಿ'ಯದು ಜೋರ್ಡನ್ ಪ್ರಸಂಗಕ್ಕೆ ಇನ್ನೂ ಹತ್ತಿರದ ಕಥೆ. ಜನ್ಮಾಂತರಗಳಲ್ಲಿ ಹರಡಿಕೊಂಡ ಪ್ರೇಮ, ಶಾಪ, ಮಾತಾಡುವ ಗಿಳಿ, ಗಂಧರ್ವ ಕನ್ಯೆಯರು ಎಲ್ಲ ಇರುವ ಅದ್ಭುತ ಕೃತಿ ಅದು. ಅದನ್ನು ಮುಗಿಸುವ ಮೊದಲೇ ಬಾಣ ತೀರಿಕೊಂಡ. ಉಳಿದ ಭಾಗ ಬರೆದವನು ಅವನ ಮಗ. ತಾನು ಇದಕ್ಕೆ ಕೈಹಾಕಿದ್ದು ಕವಿಯೆಂಬ ಹಮ್ಮಿನಿಂದಲ್ಲ, ಕಥೆ ಅರ್ಧಕ್ಕೆ ನಿಂತದ್ದಕ್ಕೆ ಸಹೃದಯರು ಪಡುತ್ತಿದ್ದ ಸಂಕಟ ನೋಡಲಾರದೆ ಎಂಬರ್ಥದ ಮಾತನ್ನು ಆತ ಆರಂಭದಲ್ಲೇ ಹೇಳಿಕೊಂಡಿದ್ದಾನೆ. ಸ್ಯಾಂಡರ್ಸನ್ ಹೊತ್ತ ಹೊಣೆಯ ಸ್ವರೂಪವೂ ಇದಕ್ಕಿಂತ ಬೇರೆಯಲ್ಲ. ನಾಗವರ್ಮ ಈ ಕೃತಿಯನ್ನು ಚಂಪೂ ರೂಪದಲ್ಲಿ ಕನ್ನಡಕ್ಕೆ ತಂದ. ಮುಂದೆ ಇಂಗ್ಲಿಷಿನ ಮೂಲಕ ಹೊಸ ಗದ್ಯಪ್ರಕಾರವೊಂದು ಕನ್ನಡಕ್ಕೆ ಬಂದಾಗ ಅದಕ್ಕೆ ಅಂಟಿಕೊಂಡ ಹೆಸರೂ ಅದೇ: ಕಾದಂಬರಿ. ಕರ್ತೃ ಮುಗಿಸಲಾಗದೆ ಬಿಟ್ಟುಹೋದ ಕಥೆಯೊಂದರ ಹೆಸರು ಕನ್ನಡದಲ್ಲಿ ಆ ಇಡೀ ಪ್ರಕಾರದ ಹೆಸರಾಗಿದೆ.

ಹಿಂದಿಯಲ್ಲೂ ಹೀಗೊಂದು ಉದಾಹರಣೆಯಿದೆ. ದೇವಕೀನಂದನ ಖತ್ರಿಯವರ 'ಚಂದ್ರಕಾಂತಾ' 1888ರಲ್ಲಿ ಬಂತು. ಮಾಯಾಮಹಲುಗಳು, ವೇಷ ಬದಲಿಸುವ ಐಯಾರರು ತುಂಬಿದ ಕಥೆ. ಅದನ್ನು ಓದಲೆಂದೇ ಜನ ಹಿಂದಿ ಕಲಿತರು ಎಂಬ ಮಾತು ಪ್ರಸಿದ್ಧವಾಗಿದೆ. 1994ರಲ್ಲಿ ದೂರದರ್ಶನದಲ್ಲಿ ಧಾರಾವಾಹಿಯಾಗಿ ಬಂದಾಗ ಅದು ಕರ್ನಾಟಕದ ಮನೆಗಳನ್ನೂ ತಲುಪಿತು. ಖತ್ರಿಯವರು ಕಥೆಯನ್ನು 'ಚಂದ್ರಕಾಂತಾ ಸಂತತಿ' ಎಂದು ಇಪ್ಪತ್ತನಾಲ್ಕು ಭಾಗಗಳಿಗೆ ಬೆಳೆಸಿದರು. ಆಮೇಲೆ 'ಭೂತನಾಥ' ಎಂಬ ಇನ್ನೊಂದು ಮಾಲೆ ಆರಂಭಿಸಿ, ಅದು ಮುಗಿಯುವ ಮೊದಲೇ 1913ರಲ್ಲಿ ತೀರಿಕೊಂಡರು. ಅದನ್ನೂ ಪೂರ್ತಿ ಮಾಡಿದವರು ಮಗ ದುರ್ಗಾಪ್ರಸಾದ ಖತ್ರಿ. ತಂದೆಯ ಸಾಲ ತೀರಿಸುವಂತೆ ತಂದೆಯ ಕಥೆಯನ್ನೂ ತೀರಿಸುವುದು ಮಗನ ಕರ್ತವ್ಯವೆನಿಸಿತು ಎನ್ನೋಣ.

ಆದರೆ ಎಲ್ಲ ಕಥೆಗಳನ್ನೂ ಹೀಗೆ ಬೇರೆಯವರು ಮುಗಿಸಬೇಕು ಎಂದಿಲ್ಲ. ಇಂಗ್ಲೆಂಡಿನ ಟೆರಿ ಪ್ರ್ಯಾಚೆಟ್ 'ಡಿಸ್ಕ್‌ವರ್ಲ್ಡ್' ಎಂಬ ಹಾಸ್ಯಮಿಶ್ರಿತ ಅದ್ಭುತ ಲೋಕದ ನಲವತ್ತೊಂದು ಕಾದಂಬರಿಗಳನ್ನು ಬರೆದರು. ಮರೆವಿನ ರೋಗದೊಡನೆ ಎಂಟು ವರ್ಷ ಸೆಣಸಿ 2015ರ ಮಾರ್ಚ್‌ನಲ್ಲಿ ತೀರಿಕೊಂಡರು. ಕೊನೆಯ ಕಾದಂಬರಿ ಅದೇ ವರ್ಷ ಆಗಸ್ಟ್‌ನಲ್ಲಿ ಬಂತು. ಅವರ ಮಗಳೂ ಲೇಖಕಿ. ಆದರೂ ಆ ಲೋಕ ತಂದೆಯದು, ಇನ್ನು ಮುಂದೆ ಯಾರೂ ಅದರಲ್ಲಿ ಕಾದಂಬರಿ ಬರೆಯುವುದಿಲ್ಲ ಎಂದು ಆಕೆ ಸ್ಪಷ್ಟಪಡಿಸಿದರು. ಅರೆಬರೆ ಬರಹಗಳಿದ್ದ ಕಂಪ್ಯೂಟರಿನ ಹಾರ್ಡ್ ಡ್ರೈವನ್ನು ನಾಶಮಾಡಬೇಕು ಎಂಬುದು ಪ್ರ್ಯಾಚೆಟ್ ಇಚ್ಛೆಯಾಗಿತ್ತು. 2017ರಲ್ಲಿ ಹಳೆಯ ಉಗಿ ಎಂಜಿನ್ನುಗಳ ಮೇಳವೊಂದರಲ್ಲಿ ಅದನ್ನು ರಸ್ತೆ ಸಪಾಟು ಮಾಡುವ ಉಗಿ ರೋಲರಿನಡಿ ಹಾಕಿ ಪುಡಿಮಾಡಲಾಯಿತು. ಜೋರ್ಡನ್ ತಮ್ಮ ಟಿಪ್ಪಣಿಗಳನ್ನು ಒಪ್ಪಿಸಿ ಹೋದರು, ಪ್ರ್ಯಾಚೆಟ್ ನಾಶಮಾಡಿಸಿದರು. ಎರಡೂ ಓದುಗರ ಮೇಲಿನ ಪ್ರೀತಿಯಿಂದಲೇ ಆದ ತೀರ್ಮಾನಗಳು. ಒಂದೇ ದೊಡ್ಡ ಕಥೆ ಹೇಳುತ್ತಿದ್ದವರಿಗೆ ಅದರ ಕೊನೆ ಓದುಗರಿಗೆ ಸಲ್ಲಬೇಕಾದ ಬಾಕಿ. ಒಂದೊಂದು ಪುಸ್ತಕದಲ್ಲೂ ಒಂದೊಂದು ಕಥೆ ಮುಗಿಸುತ್ತ ಬಂದವರಿಗೆ ಅಂಥ ಬಾಕಿ ಇರಲಿಲ್ಲ. ಅರ್ಧ ಬೆಂದದ್ದನ್ನು ಬಡಿಸುವ ಅಗತ್ಯವೂ ಇರಲಿಲ್ಲ.

ಜೋರ್ಡನ್ ಕಥೆಗೆ ಇನ್ನೊಂದು ಬಾಲಂಗೋಚಿಯಿದೆ. 2021ರ ನವೆಂಬರ್‌ನಲ್ಲಿ ಅಮೆಜಾನ್ ಸಂಸ್ಥೆ 'ದಿ ವ್ಹೀಲ್ ಆಫ್ ಟೈಮ್' ಹೆಸರಿನಲ್ಲೇ ಧಾರಾವಾಹಿ ಆರಂಭಿಸಿತು. ಪುಸ್ತಕ ಓದದ ಹೊಸ ತಲೆಮಾರು ಅದರ ಮೂಲಕ ಕಥೆಗೆ ಬಂತು. ಮೂರು ಸರಣಿಗಳಾದ ಮೇಲೆ 2025ರ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಲಾಯಿತು. ಕಥೆ ಇನ್ನೂ ಅರ್ಧದಾರಿಯನ್ನೂ ಕ್ರಮಿಸಿರಲಿಲ್ಲ. ಹಣದ ಲೆಕ್ಕ ನೋಡುವವರಿಗೆ ಕೊನೆ ಮುಟ್ಟಿಸಲೇಬೇಕೆಂಬ ಹಟ ಇರಬೇಕಾಗಿಲ್ಲ. ಹಾಸಿಗೆ ಹಿಡಿದ ಒಬ್ಬ ಬರಹಗಾರ, ಅವರ ಹೆಂಡತಿ, ಇಬ್ಬರು ಸಹಾಯಕರು ಮತ್ತು ಹೊರಗಿನಿಂದ ಬಂದ ಒಬ್ಬ ತರುಣ ಸೇರಿ ಮಾಡಿದ ಕೆಲಸದ ಬೆಲೆ ಇಂಥ ಹೊತ್ತಿನಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ. ಸಿಹಿಯೋ ಕಹಿಯೋ, ಕೊನೆ ಎಂಬುದೊಂದು ಸಿಗುವುದೇ ಓದುಗನ ಭಾಗ್ಯ. ಕಹಿ ಕೊನೆಗೆ ಅತ್ತು ಸಮಾಧಾನ ಪಡಬಹುದು. ಕೊನೆಯೇ ಇಲ್ಲದ್ದಕ್ಕೆ ಸಮಾಧಾನದ ದಾರಿಯೂ ಇಲ್ಲ.

ಇನ್ನು ಕೊನೆಯ ಪುಟ ಮುಚ್ಚಿದವರು ಏನು ಮಾಡುತ್ತಾರೆ? ಕೆಲವು ದಿನ ಬೇರೆ ಪುಸ್ತಕ ಹಿಡಿಸುವುದಿಲ್ಲ. ಆಮೇಲೆ ಒಂದು ದಿನ ಕಪಾಟಿನಿಂದ ಮೊದಲ ಸಂಪುಟ ಕೆಳಗಿಳಿಯುತ್ತದೆ. ಭಾರತ ಓದಿ ಮುಗಿಸಿದ ಮನೆಯಲ್ಲಿ ಮುಂದಿನ ವರ್ಷ ಮತ್ತೆ ಆದಿಪರ್ವದಿಂದಲೇ ಆರಂಭಿಸಿದಂತೆ, ಗಾಳಿ ಮತ್ತೆ ಬೀಸತೊಡಗುತ್ತದೆ, ಕುರಿ ಕಾಯುವ ಹುಡುಗ ತಂದೆಯೊಂದಿಗೆ ಹಳ್ಳಿಯ ದಾರಿ ಹಿಡಿಯುತ್ತಾನೆ. ಅವನಿಗೆ ಮುಂದಿನದು ಏನೂ ಗೊತ್ತಿಲ್ಲ. ಓದುಗನಿಗೆ ಈಗ ಎಲ್ಲವೂ ಗೊತ್ತು. ಯಾರು ಉಳಿಯುತ್ತಾರೆ, ಯಾರು ಉಳಿಯುವುದಿಲ್ಲ ಎಂದು ತಿಳಿದೇ ಎಗ್ವೀನ್ ನಗುವುದನ್ನು ನೋಡುವಾಗ ಆ ನಗೆಯ ಬೆಲೆ ಮೊದಲಿಗಿಂತ ಹೆಚ್ಚು. ಕಥೆಗೆ ಕೊನೆ ಸಿಕ್ಕಿದ ಮೇಲೆಯೇ ಇಂಥ ಎರಡನೇ ಓದು ಸಾಧ್ಯ.